ಪ್ರೊಸೆಸರ್ ಕೊಳ್ಳುವಾಗ ಕೊನೆಯ ಅಕ್ಷರದವರೆಗೂ ಓದಿ

ಬೆಂಗಳೂರಿನ ಎಸ್.ಪಿ. ರಸ್ತೆಯ ಕಂಪ್ಯೂಟರ್ ಅಂಗಡಿಗಳಲ್ಲಿ ಜನ ಜಾಸ್ತಿ ಕೇಳುವ ಪ್ರಶ್ನೆ, ‘ಐ7 ಎಷ್ಟಾಗುತ್ತೆ?’ ಐ7 ಎಂಬುದು ಇಂಟೆಲ್ ಕಂಪನಿಯ ಪ್ರೊಸೆಸರ್‌ನ ಒಂದು ದರ್ಜೆ, ಐ3, ಐ5 ಅದಕ್ಕಿಂತ ಕೆಳಗಿನವು. ಇಷ್ಟು ಕೇಳಿದರೆ ಸಾಲದು. 2011ರ 2600 ಕೂಡ ಐ7, 2022ರ 12700 ಕೂಡ ಐ7. ಹಳೆಯ 2600ರಲ್ಲಿ ಇರುವುದು 4 ಕೋರ್ (ಲೆಕ್ಕ ಮಾಡುವ ಘಟಕ), 8 ಥ್ರೆಡ್ (ಒಂದೇ ಸಲಕ್ಕೆ ನಡೆಸುವ ಕೆಲಸದ ಸಾಲು). ಐ3-12100ರಲ್ಲೂ ಅಷ್ಟೇ ಇವೆ, ಆದರೂ ಈ ಐ3 ಆ ಐ7ಅನ್ನು ಸುಲಭವಾಗಿ ಹಿಂದೆ ಹಾಕುತ್ತದೆ. ‘ಐ7 ಸೆಟ್, ಕಡಿಮೆ ರೇಟು’ ಎಂದು ಮಾರುವ ಅಸೆಂಬಲ್ಡ್ ಕಂಪ್ಯೂಟರ್‌ಗಳ ಒಳಗೆ ಎಷ್ಟೋ ಸಲ ಇಂಥ ಹಳೇ ಚಿಪ್ಪೇ ಇರುತ್ತದೆ. ಅದರಲ್ಲಿ ವಿಂಡೋಸ್ 11 ಅಧಿಕೃತವಾಗಿ ನಡೆಯುವುದಿಲ್ಲ. ಕೊಳ್ಳಲೇಬೇಡಿ.

ಮೊದಲು ಕೆಲಸ ಏನೆಂದು ನಿರ್ಧರಿಸಿ. ಟ್ಯಾಲಿ, ನುಡಿ, ಬ್ರೌಸರ್, ಮಕ್ಕಳ ಆನ್‌ಲೈನ್ ಕ್ಲಾಸು ಇಷ್ಟೇ ಆದರೆ 4 ಕೋರ್ ಸಾಕು. ಕೋಡಿಂಗ್, ಫೋಟೊ ಎಡಿಟಿಂಗ್‌ಗೆ 6 ಕೋರ್ ಇರಲಿ. ಪ್ರೊಸೆಸರ್‌ಗೇ ದುಡ್ಡೆಲ್ಲ ಸುರಿದು ಹಾರ್ಡ್ ಡಿಸ್ಕ್ ಮೇಲೆ ವಿಂಡೋಸ್ ಹಾಕಿಸಬೇಡಿ. ಒಂದು ಮೆಟ್ಟಿಲು ಕೆಳಗಿನ ಪ್ರೊಸೆಸರ್ ತಗೊಂಡು ಎಸ್‌ಎಸ್‌ಡಿ (ಹಾರ್ಡ್ ಡಿಸ್ಕಿಗಿಂತ ಬಹಳ ವೇಗದ ಡ್ರೈವ್), 16 ಜಿಬಿ ರ‍್ಯಾಮ್ ಹಾಕಿಸಿ.

ಆಮೇಲೆ ಹೆಸರು ಓದುವುದು. ಹೆಚ್ಚಿನವರು ಎಡವುವುದು ಇಲ್ಲೇ. ಐ5-12400ಎಫ್ ತೆಗೆದುಕೊಳ್ಳಿ. ಐ5 ಎಂಬುದು ದರ್ಜೆ. 12 ಎಂಬುದು ಜನರೇಷನ್. 400 ಆ ಸಾಲಿನಲ್ಲಿ ಅದರ ಜಾಗ. ಕೊನೆಯಲ್ಲಿ ‘ಎಫ್’ ಇದ್ದರೆ ಪರದೆಗೆ ಚಿತ್ರ ಕಳಿಸುವ ಗ್ರಾಫಿಕ್ಸ್ ಒಳಗೆ ಇಲ್ಲ, ಬೇರೆ ಗ್ರಾಫಿಕ್ಸ್ ಕಾರ್ಡ್ ಬೇಕೇ ಬೇಕು. ಎಫ್ ಇರುವುದು ಸ್ವಲ್ಪ ಅಗ್ಗ, ಅದಕ್ಕೇ ಜನ ಬೀಳುತ್ತಾರೆ. ನನ್ನ ಪರಿಚಯದ ಹುಡುಗನೊಬ್ಬ ಹಾಗೇ ತಂದ. ಮದರ್‌ಬೋರ್ಡಿನ ಹಿಂದೆ ಎಚ್‌ಡಿಎಂಐ ಪೋರ್ಟ್ ಇತ್ತು, ಕೇಬಲ್ ಕೂತಿತು, ಫ್ಯಾನ್ ತಿರುಗಿತು, ಡಿಸ್‌ಪ್ಲೇ ಮಾತ್ರ ಬರಲಿಲ್ಲ. ಕೇಬಲ್ ಬದಲಾಯಿಸಿದ, ರ‍್ಯಾಮ್ ತೆಗೆದು ರಬ್ಬರ್‌ನಲ್ಲಿ ಉಜ್ಜಿ ಹಾಕಿದ, ಪಕ್ಕದ ಮನೆಯ ಮಾನಿಟರ್ ತಂದ. ಕೆಟ್ಟಿದ್ದು ಯಾವುದೂ ಅಲ್ಲ. ಆ ಒಂದು ಅಕ್ಷರವನ್ನು ಅಂಗಡಿಯವರೂ ಹೇಳಿರಲಿಲ್ಲ.

ಇಂಟೆಲ್‌ನ ಎದುರಾಳಿ ಕಂಪನಿ ಎಎಂಡಿಯಲ್ಲಿ ಲೆಕ್ಕ ಬೇರೆ. ರೈಜನ್ 5 5600ಕ್ಕೆ ಯಾವ ಅಕ್ಷರವೂ ಇಲ್ಲ, ಗ್ರಾಫಿಕ್ಸೂ ಇಲ್ಲ. ಬೇಕೆಂದರೆ 5600ಜಿ. ರೈಜನ್ 5 7600ರಲ್ಲಾದರೆ ಅಕ್ಷರ ಇಲ್ಲದಿದ್ದರೂ ಒಳಗೆ ಗ್ರಾಫಿಕ್ಸ್ ಇದೆ, ಸುಮ್ನೆ ಮಾನಿಟರ್ ಹಚ್ಚಿದರೆ ಸಾಕು. ಇಂಟೆಲ್‌ನಲ್ಲಿ ‘ಕೆ’ ಎಂದರೆ ಓವರ್‌ಕ್ಲಾಕ್ (ನಿಗದಿತ ವೇಗಕ್ಕಿಂತ ಹೆಚ್ಚಿಗೆ ಓಡಿಸುವುದು) ಮಾಡಬಹುದಾದದ್ದು. ಅದರ ಜೊತೆ ಕೂಲರ್ ಬರುವುದಿಲ್ಲ. ಮನೆ ಬಳಕೆಗೆ ಅದು ಬೇಡ.

ಮುಂದೆ ಬೋರ್ಡಿಗೆ ಹೊಂದಿಸಿ. ಇಂಟೆಲ್‌ನ 12, 13, 14ನೇ ಜನರೇಷನ್‌ಗೆ ಎಲ್‌ಜಿಎ 1700 ಸಾಕೆಟ್ (ಬೋರ್ಡಿನಲ್ಲಿ ಪ್ರೊಸೆಸರ್ ಕೂರುವ ಜಾಗ). ಎಎಂಡಿಯ 5000 ಸಾಲಿಗೆ ಎಎಂ4, 7000 ಮತ್ತು 9000ಕ್ಕೆ ಎಎಂ5. ಸಾಕೆಟ್‌ಗೆ ಕೂತ ಮಾತ್ರಕ್ಕೆ ನಡೆಯುತ್ತದೆ ಎಂದುಕೊಳ್ಳಬೇಡಿ. 8ನೇ ಜನರೇಷನ್ ಇಂಟೆಲ್ ಚಿಪ್ಪು 6ನೇ ಜನರೇಷನ್ ಬೋರ್ಡಿನಲ್ಲಿ ಸರಿಯಾಗಿ ಕೂರುತ್ತದೆ, ಆದರೆ ಆನ್ ಆಗುವುದಿಲ್ಲ. ಎಎಂ4ರ ಬಿ450 ಬೋರ್ಡಿಗೆ ರೈಜನ್ 5600 ಹಾಕುವುದಾದರೆ ಮೊದಲು ಬಯೋಸ್ (ಕಂಪ್ಯೂಟರನ್ನು ಶುರು ಮಾಡುವ, ಬೋರ್ಡಿನೊಳಗಿನ ಸಾಫ್ಟ್‌ವೇರ್) ಅಪ್‌ಡೇಟ್ ಆಗಿರಬೇಕು. ಬೋರ್ಡ್ ಕಂಪನಿಯ ವೆಬ್‌ಸೈಟಿನಲ್ಲಿ ‘ಸಿಪಿಯು ಸಪೋರ್ಟ್’ ಪಟ್ಟಿ ಇರುತ್ತದೆ, ಅದರಲ್ಲಿ ನಿಮ್ಮ ಪ್ರೊಸೆಸರ್ ಹೆಸರು, ಅದರ ಮುಂದಿನ ಬಯೋಸ್ ನಂಬರ್ ಎರಡನ್ನೂ ಬರೆದುಕೊಂಡು ಅಂಗಡಿಗೆ ಹೋಗಿ. ರ‍್ಯಾಮ್ ಕೂಡ ನೋಡಿ. ಡಿಡಿಆರ್4, ಡಿಡಿಆರ್5 ಎಂದು ಅದರಲ್ಲಿ ತಲೆಮಾರುಗಳಿವೆ. 1700ರ ಬೋರ್ಡುಗಳಲ್ಲಿ ಡಿಡಿಆರ್4ರವು ಬೇರೆ, ಡಿಡಿಆರ್5ರವು ಬೇರೆ. ಎಎಂ5ಗೆ ಡಿಡಿಆರ್5 ಮಾತ್ರ. ಎಲ್ಲವನ್ನೂ ಹೊಸದಾಗಿ ಕೊಳ್ಳುವವರಿಗೆ ನಾನು ಹೇಳುವುದು ಎಎಂ5. ಕನಿಷ್ಠ 2027ರವರೆಗೆ ಅದನ್ನು ಮುಂದುವರಿಸುತ್ತೇವೆ ಎಂದು ಎಎಂಡಿ ಹೇಳಿದೆ. ನಾಳೆ ಪ್ರೊಸೆಸರ್ ಮಾತ್ರ ಬದಲಾಯಿಸಬಹುದು, ಬೋರ್ಡ್ ಉಳಿಯುತ್ತದೆ.

ಕೊಳ್ಳುವಾಗ ಕಂಪನಿಯ ಬಾಕ್ಸಿನಲ್ಲೇ ಬರುವ ಬಾಕ್ಸ್ ಪೀಸೇ ಕೇಳಿ. ಅದಕ್ಕೆ ಕಂಪನಿಯದೇ 3 ವರ್ಷದ ವಾರಂಟಿ ಇರುತ್ತದೆ. ಬಾಕ್ಸಿಲ್ಲದ ಬಿಡಿ ಚಿಪ್ಪು ತೋರಿಸಿ ‘ಟ್ರೇ ಪೀಸ್ ಸರ್, ಅದೇ ಮಾಲು’ ಎಂದರೆ ಒಪ್ಪಬೇಡಿ. ಅದು ಕೆಟ್ಟರೆ ಮಾರಿದವರನ್ನೇ ಹಿಡಿಯಬೇಕು. ಜಿಎಸ್‌ಟಿ ಬಿಲ್ ತೆಗೆದುಕೊಳ್ಳಿ, ಬಾಕ್ಸಿನ ಸೀರಿಯಲ್ ನಂಬರ್ ಅದರಲ್ಲೇ ಬರೆಸಿ. ಸೆಕೆಂಡ್ ಹ್ಯಾಂಡ್‌ನಲ್ಲಿ 13, 14ನೇ ಜನರೇಷನ್‌ನ ಐ7, ಐ9 ಬೇಡ. ಅವುಗಳಲ್ಲಿ ವೋಲ್ಟೇಜ್ ತೊಂದರೆ ಇರುವುದನ್ನು 2024ರಲ್ಲಿ ಇಂಟೆಲ್ಲೇ ಒಪ್ಪಿಕೊಂಡು ವಾರಂಟಿಯನ್ನು 2 ವರ್ಷ ಹೆಚ್ಚಿಸಿತು. ಬಯೋಸ್ ಅಪ್‌ಡೇಟ್ ಮುಂದಾಗುವ ಹಾನಿ ತಡೆಯುತ್ತದೆ, ಆಗಿಹೋದದ್ದನ್ನು ಸರಿಮಾಡುವುದಿಲ್ಲ.

ಜೋಡಿಸುವುದು ಸುಲಭ. ಮೂಲೆಯ ಸಣ್ಣ ತ್ರಿಕೋನ ಸಾಕೆಟ್‌ನ ತ್ರಿಕೋನಕ್ಕೆ ಸೇರಿಸಿ ಇಡಿ, ಒತ್ತಬೇಡಿ. ಅಂಗಡಿಯಲ್ಲೇ ಜೋಡಿಸುವುದಾದರೆ ಬಯೋಸ್ ಪರದೆ ತೆರೆಸಿ, ಪ್ರೊಸೆಸರ್‌ನ ಪೂರ್ತಿ ಹೆಸರನ್ನು ಬಿಲ್ ಜೊತೆ ತಾಳೆ ನೋಡಿ, ಆಮೇಲೆ ದುಡ್ಡು ಕೊಡಿ.