ಒಣಗಿಸಿ ಕೆಡಿಸಿದ ಮಣ್ಣು: ಬೂದಿ ಮಣ್ಣಿನ ಜೊತೆ ನನ್ನ ಅನುಭವ

ಮಣ್ಣು ಪರೀಕ್ಷೆಗೆ ಇಳಿದವರಿಗೆಲ್ಲ ಮೊದಲ ದಿನವೇ ಹೇಳಿಕೊಡುವ ಪಾಠ ಒಂದಿದೆ. ಮಾದರಿ ತಂದ ಕೂಡಲೇ ನೆರಳಲ್ಲಿ ಹರಡಿ ಒಣಗಿಸು, ಹೆಂಟೆ ಕುಟ್ಟು, 2 ಮಿ.ಮೀ. ಜರಡಿ ಹಿಡಿ, ಆಮೇಲೆ ಏನು ಬೇಕಾದರೂ ಅಳೆ. ನಾನೂ ವರ್ಷಗಟ್ಟಲೆ ಹಾಗೇ ಮಾಡಿಕೊಂಡು ಬಂದಿದ್ದೆ. ಕೈಗೆ ಬರುತ್ತಿದ್ದದ್ದು ಬಂಡೆ ಸವೆದು ಆದ ಮಣ್ಣುಗಳೇ. ಒಂದೂ ಕೈಕೊಟ್ಟಿರಲಿಲ್ಲ. ಜ್ವಾಲಾಮುಖಿ ಬೂದಿಯಿಂದ ಆದ ಮಣ್ಣು ಮೊದಲ ಸಲ ಸಿಕ್ಕಾಗ ಇದೇ ಪಾಠದಿಂದ ಒಂದು ವಾರದ ಕೆಲಸ ಮಣ್ಣುಪಾಲಾಯಿತು.

ಕೆಲಸ ಏನೋ ಸರಳವಾಗಿತ್ತು. ಗ್ರಾನೈಟ್ ಇಳಿಜಾರಿನಲ್ಲಿ ಒಂದು ಗುಂಡಿ, ಬೂದಿ ಬಿದ್ದ ಇಳಿಜಾರಿನಲ್ಲಿ ಒಂದು ಗುಂಡಿ. ಎರಡನ್ನೂ ಹೋಲಿಸಬೇಕು, ಅಷ್ಟೇ.

ಗ್ರಾನೈಟ್ ಗುಂಡಿ ನನಗೆ ಹಳೆಯ ನೆಂಟ. ಮೇಲೆ ಒಂದಿಷ್ಟು ಕೆಮ್ಮಣ್ಣು, ಕೆಳಗೆ ಹೋದ ಹಾಗೆ ಗರಸು. ಇನ್ನೂ ಕೆಳಗೆ ಕಾಣುವುದು ಕಲ್ಲೇ. ಬಂಡೆಯ ಚುಕ್ಕೆ, ಗೆರೆ ಎಲ್ಲ ಇದ್ದ ಹಾಗೇ ಇರುತ್ತವೆ. ಆದರೆ ಸಲಿಕೆ ತಾಗಿಸಿದರೆ ಪುಡಿ. ಅದರಲ್ಲಿ ಒಂದು ಹಿಡಿ ತೆಗೆದು ಬೆರಳಲ್ಲಿ ಉಜ್ಜಿದೆ. ಬೆಣಚುಕಲ್ಲಿನ ಹರಳು ಚುಚ್ಚಿತು, ಅದಕ್ಕೆ ಏನೂ ಆಗಿರಲಿಲ್ಲ. ಕಾಗೆಬಂಗಾರ ಬಣ್ಣ ಕಳೆದುಕೊಂಡು ಪದರ ಬಿಚ್ಚಿತ್ತು. ಗ್ರಾನೈಟಿನ ಇನ್ನೊಂದು ಖನಿಜ ಫೆಲ್ಡ್‌ಸ್ಪಾರ್ ಮಾತ್ರ ಬೆಳ್ಳಗೆ, ಮೆತ್ತಗೆ, ಸೀಮೆಸುಣ್ಣದ ಹಾಗೆ ಬೆರಳಿಗೆ ಅಂಟಿತು. ಅದು ಕೆಯೊಲಿನೈಟ್ ಎಂಬ ಜೇಡಿಯಾಗಿ ಬದಲಾಗುತ್ತಿತ್ತು. ಮಳೆನೀರು ಮಣ್ಣಿನೊಳಗಿನ ಇಂಗಾಲದ ಡೈಆಕ್ಸೈಡ್ ಹೀರಿಕೊಂಡು ಸ್ವಲ್ಪ ಹುಳಿಯಾಗುತ್ತದೆ. ಆ ಹುಳಿನೀರು ಪೊಟ್ಯಾಸಿಯಂ, ಸೋಡಿಯಂ, ಕ್ಯಾಲ್ಸಿಯಂಗಳನ್ನು ತೊಳೆದು ಒಯ್ಯುತ್ತದೆ, ಸಿಲಿಕಾದಲ್ಲೂ ಒಂದು ಪಾಲು ಹೋಗುತ್ತದೆ. ಉಳಿದ ಅಲ್ಯೂಮಿನಿಯಂ ಮತ್ತು ಸಿಲಿಕಾ ನಿಧಾನವಾಗಿ, ಅಚ್ಚುಕಟ್ಟಾದ ಪದರಗಳಾಗಿ ಜೋಡಿಸಿಕೊಳ್ಳುತ್ತವೆ.

ಯಾವ ಖನಿಜ ಮೊದಲು ಸವೆಯುತ್ತದೆ ಎಂಬ ಸಾಲನ್ನು 1938ರಲ್ಲಿ ಗೋಲ್ಡಿಚ್ ಎಂಬ ಭೂವಿಜ್ಞಾನಿ ಬರೆದಿಟ್ಟರು. ಕರಗಿದ ಕಲ್ಲು ತಣಿಯುವಾಗ ಹೆಚ್ಚು ಬಿಸಿಯಲ್ಲಿ, ಮೊದಲು ಗಟ್ಟಿಯಾದ ಆಲಿವಿನ್ ಎಂಬ ಖನಿಜ ಮೊದಲು ಹೋಗುತ್ತದೆ. ಕೊನೆಗೆ ಗಟ್ಟಿಯಾದ ಬೆಣಚು ಕೊನೆಯವರೆಗೂ ಉಳಿಯುತ್ತದೆ. ನನ್ನ ಅಂಗೈಯಲ್ಲಿದ್ದದ್ದು ಆ ಸಾಲಿನ ಕೊನೆಯ ಭಾಗವೇ.

ಬೂದಿಯ ಗುಂಡಿಗೆ ಇಳಿದರೆ ಲೋಕವೇ ಬೇರೆ. ಮೇಲೆ ಕಪ್ಪು, ಕೆಳಗೆ ಹಳದಿ ಮಿಶ್ರಿತ ಕಂದು, ಅದರ ಕೆಳಗೆ ಬೂದು ಬಣ್ಣದ ತರಿ ಬೂದಿ. ಅಲ್ಲಿಗೆ ಮುಗಿಯಿತು ಅಂದುಕೊಂಡೆ. ಇನ್ನೊಂದು ಮೊಳ ಅಗೆದರೆ ಮತ್ತೆ ಕಪ್ಪು ಮಣ್ಣು! ಅದು ಹಿಂದೊಮ್ಮೆ ಮೇಲ್ಮಣ್ಣಾಗಿದ್ದದ್ದು. ಹೊಸ ಬೂದಿ ಬಿದ್ದು ಹೂತುಹೋಗಿತ್ತು. ಬಂಡೆಯ ಮೇಲಿನ ಮಣ್ಣು ಕೆಳಕ್ಕೆ ಬೆಳೆಯುತ್ತದೆ, ಇದು ಮೇಲಕ್ಕೂ ಬೆಳೆಯುತ್ತದೆ. ಇದನ್ನು ಓದಿ ತಿಳಿದಿದ್ದರೂ ಗುಂಡಿಯಲ್ಲಿ ನಿಂತು ನೋಡಿದ ಮೇಲೇ ತಲೆಗೆ ಹೋಗಿದ್ದು.

ಒಂದು ಹೆಂಟೆ ಎತ್ತಿದೆ. ಹಗುರ. ಮಾಮೂಲಿ ಮಣ್ಣು ಘನ ಸೆಂಟಿಮೀಟರಿಗೆ 1.2ರಿಂದ 1.5 ಗ್ರಾಂ ತೂಗಿದರೆ, ಈ ಜಾತಿಯದು 0.9 ದಾಟುವುದಿಲ್ಲ. ಹೆಬ್ಬೆರಳು, ತೋರುಬೆರಳಿನ ನಡುವೆ ಇಟ್ಟು ಒತ್ತುತ್ತಾ ಹೋದೆ. ಮೊದಲು ಗಟ್ಟಿಯಾಗಿ ನಿಂತಿತು. ಇದ್ದಕ್ಕಿದ್ದ ಹಾಗೆ ಜಾರಿತು, ಬೆರಳು ಒದ್ದೆಯಾಯಿತು, ಸೋಪು ಹಿಡಿದ ಹಾಗಾಯಿತು. ಬಿಟ್ಟರೆ ಮತ್ತೆ ಗಟ್ಟಿ.

ಇದರಲ್ಲಿ ಚುರುಕಾದ ಅಲ್ಯೂಮಿನಿಯಂ ಇರಬೇಕೆಂಬ ಅನುಮಾನ ಬಂದು ಸೋಡಿಯಂ ಫ್ಲೋರೈಡ್ ಪರೀಕ್ಷೆ ಮಾಡಿದೆ. ಕ್ಷಾರ ತಾಗಿದರೆ ಗುಲಾಬಿಯಾಗುವ ಫಿನಾಲ್ಫ್ಥಲೀನ್ ಹಚ್ಚಿ ಒಣಗಿಸಿದ ಸೋಸುಕಾಗದ, ಅದರ ಮೇಲೆ ಚಿಟಿಕೆ ಮಣ್ಣು, ಅದಕ್ಕೆ ಒಂದೆರಡು ಹನಿ ದ್ರಾವಣ. ನಿಮಿಷದೊಳಗೆ ಮಣ್ಣಿನ ಸುತ್ತ ಕಡು ಗುಲಾಬಿ ಉಂಗುರ ಮೂಡಿತು. ಫ್ಲೋರೈಡ್ ಹೋಗಿ ಅಲ್ಯೂಮಿನಿಯಂ ಹಿಡಿದುಕೊಳ್ಳುತ್ತದೆ, ಅಲ್ಲಿದ್ದ ಹೈಡ್ರಾಕ್ಸಿಲ್ ಹೊರಗೆ ಬೀಳುತ್ತದೆ, ಪಿಹೆಚ್ ಏರುತ್ತದೆ. ಮೀಟರಿನಲ್ಲಿ ಅಳೆಯುವುದಾದರೆ 9.4 ದಾಟಿತೇ ಅಂತ ನೋಡಬೇಕು. ಸುಣ್ಣ ಇರುವ ಮಣ್ಣೂ ಸುಮ್ನೆ ಗುಲಾಬಿಯಾಗಿ ಮೋಸ ಮಾಡುತ್ತದೆ. ಅದಕ್ಕೇ ಮೊದಲು ಒಂದು ಹನಿ ಹೈಡ್ರೋಕ್ಲೋರಿಕ್ ಆಮ್ಲ ಹಾಕಿ ನೊರೆ ಬರುತ್ತದಾ ಅಂತ ನೋಡಿಕೊಂಡಿದ್ದೆ. ಇನ್ನೊಂದು ಮಾತು, ಈ ಫ್ಲೋರೈಡ್ ವಿಷ. ಕೈಗವಸು ಇಲ್ಲದೆ ಮುಟ್ಟಬೇಡಿ.

ಇಷ್ಟೆಲ್ಲ ಗೊತ್ತಾದ ಮೇಲೂ ಎರಡೂ ಚೀಲಗಳನ್ನು ತಂದು ಒಟ್ಟಿಗೆ ಹರಡಿ ಒಣಗಿಸಿದೆ ನೋಡಿ. ಅಭ್ಯಾಸಬಲ.

ಮಣ್ಣು ನೀರಲ್ಲಿ ತಳ ಸೇರುವ ವೇಗದಿಂದ ಮರಳೆಷ್ಟು, ಜೇಡಿಯೆಷ್ಟು ಅಂತ ಹೇಳುವ ಹೈಡ್ರೋಮೀಟರ್ ಪರೀಕ್ಷೆಗೆ ಕೂತಾಗ ಬಣ್ಣ ಬಯಲಾಯಿತು. ಗ್ರಾನೈಟ್ ಮಣ್ಣು, ಕಣಗಳನ್ನು ಬಿಡಿಸಲು ಹಾಕುವ ಹೆಕ್ಸಾಮೆಟಾಫಾಸ್ಫೇಟ್ ನೀರಿನಲ್ಲಿ ಚೆನ್ನಾಗಿ ಬಿಡಿಸಿಕೊಂಡು ಗಂಟೆಗಟ್ಟಲೆ ಕದಡಿಕೊಂಡೇ ಇತ್ತು. ಬೂದಿ ಮಣ್ಣು ಕೆಲವೇ ನಿಮಿಷದಲ್ಲಿ ತಳ ಸೇರಿತು, ಮೇಲೆ ತಿಳಿನೀರು. ಲೆಕ್ಕ ಹಾಕಿದರೆ ಮರಳು ಮಣ್ಣು ಅಂತ ಬಂತು. ಗುಂಡಿಯಲ್ಲಿ ಬೆರಳಿಗೆ ಜಾರಿದ್ದು ಹಾಗಾದರೆ ಏನು? ಮತ್ತೆ ಮಾಡಿದೆ. ಮತ್ತೆ ಮರಳು. ಮೂರನೇ ಸಲ ರಾತ್ರಿಯಿಡೀ ನೆನೆಸಿಟ್ಟು ಮಾಡಿದೆ. ಊಹೂಂ. ಬೀಕರಿನ ತಳದಲ್ಲಿ ಗಟ್ಟಿ ಕಾಳುಗಳು ಹಾಗೇ ಕೂತಿದ್ದವು.

ಬೂದಿ ಅಂದರೆ ಬಹುಪಾಲು ಗಾಜು. ಕರಗಿದ ಕಲ್ಲು ಗಾಳಿಗೆ ಸಿಡಿದು, ಹರಳು ಕಟ್ಟಲು ಪುರಸೊತ್ತೇ ಇಲ್ಲದೆ ತಣಿದದ್ದು. ಮೈತುಂಬ ತೂತು. ಹಾಗಾಗಿ ನೀರಿಗೆ ಬಲು ಬೇಗ ಕರಗುತ್ತದೆ. ಹೊರಬಂದ ಅಲ್ಯೂಮಿನಿಯಂ, ಸಿಲಿಕಾಗಳಿಗೂ ಸಾಲಾಗಿ ನಿಲ್ಲುವ ತಾಳ್ಮೆ ಇಲ್ಲ. ಅವು ಅಲೋಫೇನ್ ಎಂಬ ಟೊಳ್ಳು ಗುಂಡುಗಳಾಗುತ್ತವೆ, ಅಡ್ಡಳತೆ 4-5 ನ್ಯಾನೋಮೀಟರ್. ಕೆಲವು ಇಮೊಗೊಲೈಟ್ ಎಂಬ ಕೊಳವೆಗಳಾಗುತ್ತವೆ. ಒಂದು ಗ್ರಾಂ ಅಲೋಫೇನ್‌ನಲ್ಲಿ ನೂರಾರು ಚದರ ಮೀಟರ್ ಮೈ ಇರುತ್ತದೆ. ಆ ಮೈಯೆಲ್ಲ ನೀರನ್ನು ಹಿಡಿದುಕೊಂಡಿರುತ್ತದೆ. ಒಮ್ಮೆ ಪೂರ್ತಿ ಒಣಗಿಸಿದಿರೋ, ಗುಂಡುಗಳು ಒಂದಕ್ಕೊಂದು ಬೆಸೆದುಕೊಂಡು ಕಾಳಾಗುತ್ತವೆ. ಮತ್ತೆ ನೆನೆಸಿದರೆ ಬಿಡಿಸಿಕೊಳ್ಳುವುದಿಲ್ಲ. ನಾನು ಅಳೆದದ್ದು ಆ ಮಣ್ಣನ್ನಲ್ಲ, ನಾನೇ ಮಾಡಿದ ಕಾಳುಗಳನ್ನು.

ಮತ್ತೆ ಹೋಗಿ ಮಾದರಿ ತಂದೆ. ಈ ಸಲ ಗಾಳಿಯಾಡದ ಚೀಲ, ನೇರ ಫ್ರಿಜ್. ಹಸಿಯಾಗಿಯೇ ಜರಡಿ ಹಿಡಿದೆ. ಪಿಚಿಪಿಚಿ ಕೆಲಸ, ಜರಡಿಯ ಕಣ್ಣೆಲ್ಲ ಕಟ್ಟಿಕೊಳ್ಳುತ್ತದೆ. ಹೆಕ್ಸಾಮೆಟಾಫಾಸ್ಫೇಟ್ ಬಿಟ್ಟು, ಆಮ್ಲ ಹಾಕಿ ಪಿಹೆಚ್ 4ರ ಹತ್ತಿರ ತಂದಾಗ ನೀರು ಕದಡಿತು. ಜೇಡಿ ಅಷ್ಟು ಹೊತ್ತು ಅಡಗಿ ಕೂತಿತ್ತು. ಆದರೂ ಇಂಥ ಮಣ್ಣಲ್ಲಿ ಮರಳು-ಜೇಡಿ ಲೆಕ್ಕವನ್ನು ನಾನೀಗ ಜಾಸ್ತಿ ನಂಬುವುದಿಲ್ಲ. ಆಕ್ಸಲೇಟ್ ದ್ರಾವಣದಲ್ಲಿ 4 ಗಂಟೆ ಕುಲುಕಿ, ಕರಗಿದ ಅಲ್ಯೂಮಿನಿಯಂ ಮತ್ತು ಕರಗಿದ ಕಬ್ಬಿಣದಲ್ಲಿ ಅರ್ಧ ಕೂಡಿ ಮಣ್ಣಿನ ತೂಕದ ಶೇ. 2 ದಾಟಿತೇ ಅಂತ ನೋಡುವುದು ವಾಸಿ; ದಾಟಿದರೆ ಬೂದಿ ಮಣ್ಣಿನ ಗುಣ ಇದೆ ಅಂತ. ಅದನ್ನು ಕತ್ತಲಲ್ಲೇ ಮಾಡಬೇಕು. ಬೆಳಕು ಬಿದ್ದರೆ ಕರಗಬಾರದ ಕಬ್ಬಿಣವೂ ಕರಗುತ್ತದೆ.

ಕೊನೆಗೆ ರಂಜಕ. 5 ಗ್ರಾಂ ಮಣ್ಣಿಗೆ 25 ಮಿ.ಲೀ. ಫಾಸ್ಫೇಟ್ ದ್ರಾವಣ ಹಾಕಿ ರಾತ್ರಿಯಿಡೀ ಕುಲುಕಿದೆ. ಬೆಳಿಗ್ಗೆ ಬಣ್ಣ ಬರಿಸಿ ನೋಡಿದರೆ ಗ್ರಾನೈಟ್ ಕಡೆಯದು ಕಡುನೀಲಿ, ಅಂದರೆ ರಂಜಕ ನೀರಲ್ಲೇ ಇದೆ. ಬೂದಿ ಕಡೆಯದು ನೀಲಿ ಛಾಯೆಯಷ್ಟೇ. ಹಾಕಿದ್ದನ್ನು ಬಹುಪಾಲು ನುಂಗಿತ್ತು. ಬೂದಿ ಮಣ್ಣುಗಳಲ್ಲಿ ಶೇ. 85ಕ್ಕೂ ಮೇಲೆ ಹಿಡಿದಿಡುವುದು ಮಾಮೂಲು. ಕಪ್ಪಗೆ, ಫಲವತ್ತಾಗಿ ಕಾಣುವ ಮಣ್ಣಲ್ಲಿ ಗಿಡ ರಂಜಕವಿಲ್ಲದೆ ಸೊರಗುವುದು ಇದಕ್ಕೇ. ಎರಚಿದ ಗೊಬ್ಬರ ಅಲ್ಯೂಮಿನಿಯಂ ಪಾಲು. ಬೇರಿನ ಪಕ್ಕ ಸಾಲು ಹಿಡಿದು ಕೊಟ್ಟರೆ ಗಿಡಕ್ಕೂ ಒಂದಿಷ್ಟು ಸಿಗುತ್ತದೆ. ಆ ಕಪ್ಪು ಬಣ್ಣಕ್ಕೂ ಅದೇ ಅಲ್ಯೂಮಿನಿಯಂ ಕಾರಣ. ಕೊಳೆತ ಸೊಪ್ಪುಸದೆಯ ಸಾರವನ್ನು ಗಟ್ಟಿಯಾಗಿ ಹಿಡಿದುಕೊಂಡು ಸೂಕ್ಷ್ಮಜೀವಿಗಳಿಗೆ ಸುಲಭವಾಗಿ ಸಿಗದ ಹಾಗೆ ಮಾಡುತ್ತದೆ.

ಹಸಿ ಮಣ್ಣಲ್ಲಿ ಅಳೆದರೆ ಒಂದು ಲೆಕ್ಕ ಮರೆಯಬಾರದು. ಅದೇ ಚೀಲದಿಂದ ಒಂದು ಚಮಚ ಬೇರೆ ತೆಗೆದು 105 ಡಿಗ್ರಿಯಲ್ಲಿ ಒಣಗಿಸಿ, ನೀರೆಷ್ಟು ಅಂತ ನೋಡಿಕೊಂಡು, ಉಳಿದ ಅಂಕಿಗಳನ್ನೆಲ್ಲ ಒಣತೂಕಕ್ಕೆ ತಿರುಗಿಸಬೇಕು. ಒಣಗಿದ ಆ ಚಮಚವನ್ನು ಮತ್ತೆ ಚೀಲಕ್ಕೆ ಸುರಿಯಬೇಡಿ. ನಾನು ಅದನ್ನೂ ಒಂದು ಸಲ ಮಾಡಿದ್ದೇನೆ.