ಗ್ರಾಮ ನಕಾಶೆಯಲ್ಲಿದ್ದ ಕಾಲುವೆ

ಬೆಂಗಳೂರಿನ ವರ್ತೂರು ಕಡೆಯ ಆರು ಎಕರೆ ಜಮೀನಿಗೆ ಬಡಾವಣೆಯ ನಕ್ಷೆ ಮಾಡಿಕೊಡುವ ಕೆಲಸ ನನಗೆ ಬಂದಾಗ, ಮಾಲೀಕರು ಕೊಟ್ಟ ಅಳತೆಯ ಹಾಳೆಯಲ್ಲಿ ಕಾಲುವೆಯೇ ಇರಲಿಲ್ಲ. ಗ್ರಾಮ ನಕಾಶೆ ತೆಗೆಸಿದರೆ, ಮೇಲಿನ ಹೊಲಗಳ ನೀರನ್ನು ಕೆಳಗಿನ ಕೆರೆಗೆ ಒಯ್ಯುವ ಕಿರುಗಾಲುವೆಯೊಂದು ಜಮೀನಿನ ನಡುವೆಯೇ ಹಾದಿತ್ತು. ದಾಖಲೆಯಲ್ಲಿ ಅದು ಬಿ ಖರಾಬು, ಅಂದರೆ ಸಾರ್ವಜನಿಕ ಉಪಯೋಗಕ್ಕೆಂದು ಬಿಟ್ಟ ಜಾಗ.

“ಪೈಪು ಹಾಕಿ ಮೇಲೆ ರಸ್ತೆ ಎಳೆದುಬಿಡಿ ಸಾರ್, ಅಲ್ಲಿ ನೀರೇ ಬರಲ್ಲ” ಎಂದರು ಮಾಲೀಕರು. ಒಂದು ಎಕರೆಯ ಮೇಲೆ 10 ಮಿಲಿಮೀಟರ್ ಮಳೆ ಬಿದ್ದರೆ ಸುಮಾರು 40,000 ಲೀಟರ್ ನೀರಾಗುತ್ತದೆ, ಹೊಲದಲ್ಲಿ ಇಂಗುತ್ತಿದ್ದ ಪಾಲೂ ಚಾವಣಿ, ಡಾಂಬರು ಬಂದ ಮೇಲೆ ಹರಿದೇ ಹೋಗಬೇಕಾಗುತ್ತದೆ ಎಂದು ಲೆಕ್ಕ ತೋರಿಸಿದೆ. 2022ರ ಸೆಪ್ಟೆಂಬರಿನ ನೆರೆಯಲ್ಲಿ ಸರ್ಜಾಪುರ ರಸ್ತೆಯ ಬಡಾವಣೆಗಳಿಂದ ಜನರನ್ನು ಟ್ರ್ಯಾಕ್ಟರಿನಲ್ಲಿ ಸಾಗಿಸಿದ್ದನ್ನು ಅವರೂ ನೋಡಿದ್ದರು. ಒಪ್ಪಿಸಿದ್ದು ನನ್ನ ಲೆಕ್ಕಕ್ಕಿಂತ ಆ ನೆನಪೇ ಇರಬೇಕು.

ಬೆಂಗಳೂರಿನ 2015ರ ಪರಿಷ್ಕೃತ ಮಹಾಯೋಜನೆ ಮೂರನೇ ಹಂತದ, ಅಂದರೆ ಇಂಥ ಕಿರುಗಾಲುವೆಗೆ ನಡುಗೆರೆಯಿಂದ 15 ಮೀಟರ್ ಬಿಡಬೇಕೆನ್ನುತ್ತಿತ್ತು. ರಾಷ್ಟ್ರೀಯ ಹಸಿರು ನ್ಯಾಯಮಂಡಳಿ 2016ರಲ್ಲಿ ಅದನ್ನು 25ಕ್ಕೆ ಏರಿಸಿತ್ತಾದರೂ, ಸುಪ್ರೀಂ ಕೋರ್ಟು 2019ರಲ್ಲಿ ಆ ಆದೇಶವನ್ನು ರದ್ದುಪಡಿಸಿತು. ನಾವು 15 ಮೀಟರ್ ಬಿಟ್ಟು, ಹೇಗೂ ಬಿಡಲೇಬೇಕಿದ್ದ ಉದ್ಯಾನದ ಜಾಗವನ್ನು ಕಾಲುವೆಯ ಮಗ್ಗುಲಿಗೇ ತಂದೆವು.

ಇಷ್ಟಾದರೆ ಕೆರೆ ಉಳಿಯಿತು ಎಂದುಕೊಂಡದ್ದು ನನ್ನ ತಪ್ಪು. ರಸ್ತೆಗೆಂದು ಏಪ್ರಿಲಿನಲ್ಲಿ ಇಡೀ ಜಮೀನನ್ನು ಒಮ್ಮೆಗೇ ಕೆರೆದು ಮಟ್ಟ ಮಾಡಿಸಿದ್ದೆ. ಮೇ ತಿಂಗಳ ಒಂದೇ ಮಳೆಗೆ ಸಡಿಲ ಮಣ್ಣು ಹರಿದು ಕೆರೆಯ ಮೂಲೆ ಕೆಂಪಾಯಿತು. ಅಲ್ಲಿಂದ ಒಂದು ಬಾಟಲಿ ನೀರು ತುಂಬಿಸಿ ಮೇಜಿನ ಮೇಲಿಟ್ಟೆ. ಮರಳು ಕೂಡಲೇ ತಳ ಸೇರಿತು, ಆದರೆ ಮೇಲಿನ ನೀರು ಮರುದಿನ ಬೆಳಗ್ಗೆಯೂ ಚಹಾದಂತೆಯೇ ಇತ್ತು. ಹಾಗೆ ತೇಲುವ ನಯವಾದ ಜೇಡಿಗೇ ರಂಜಕ (ಫಾಸ್ಫರಸ್) ಹೆಚ್ಚಾಗಿ ಅಂಟಿಕೊಂಡಿರುತ್ತದೆ, ಕೆರೆಯಲ್ಲಿ ಪಾಚಿ, ಜೊಂಡು ಹಬ್ಬಲು ಅದೇ ಗೊಬ್ಬರ.

ಆಮೇಲೆ ಒಂದು ರಸ್ತೆ ಮುಗಿದು ಜಲ್ಲಿ ಹಾಸುವವರೆಗೆ ಇನ್ನೊಂದನ್ನು ಅಗೆಯಲು ಬಿಡಲಿಲ್ಲ. ಇಳಿಜಾರಿನ ಕೊನೆಗೆ ಒಂದರ ಹಿಂದೊಂದು ಎರಡು ಹೂಳುಗುಂಡಿ ತೋಡಿಸಿ, ನಡುವೆ ಸಿಮೆಂಟಿಲ್ಲದೆ ಕಲ್ಲು ಜೋಡಿಸಿ, ಕಾಲುವೆಯ ದಂಡೆಗೆ ಗರಿಕೆ ಹಚ್ಚಿಸಿದೆವು. ಮೊದಲ ಗುಂಡಿ ಆ ಮಳೆಗಾಲದಲ್ಲೇ ಎರಡು ಸಲ ತುಂಬಿತು.

ಪ್ರತಿ ವರ್ಷ ಮಳೆಗೆ ಮುನ್ನ ಹೂಳೆತ್ತಿಸಬೇಕೆಂದು ನಿವಾಸಿಗಳ ಸಂಘಕ್ಕೆ ಬರೆದುಕೊಟ್ಟಿದ್ದೇನೆ. ಮೊದಲ ವರ್ಷ ಎತ್ತಿಸಿದರು. ಈ ಸಲ ಏಪ್ರಿಲ್ ಕಳೆದ ಮೇಲೆ ಹೋಗಿ ನೋಡಿದಾಗ ಗುಂಡಿ ಅರ್ಧ ತುಂಬಿಯೇ ಇತ್ತು.