ಕಮಿಟ್ ಮೆಸೇಜಲ್ಲಿ ‘ಯಾಕೆ’ ಬರೆಯೋದು: ನಮ್ ಟೀಮಲ್ಲಿ ಹೇಗೆ ಮಾಡ್ಕೊಂಡ್ವಿ

ಗಿಟ್ ಅಂದ್ರೆ ಕೋಡಲ್ಲಿ ಆಗೋ ಬದಲಾವಣೆಗಳನ್ನ ದಾಖಲಿಸೋ ಟೂಲು; ಒಂದೊಂದು ದಾಖಲೆನೂ ಒಂದು ಕಮಿಟ್, ಅದರ ಜೊತೆ ಬರೆಯೋ ಟಿಪ್ಪಣಿನೇ ಕಮಿಟ್ ಮೆಸೇಜ್. ನಮ್ ಪೇಮೆಂಟ್ ಕೋಡಲ್ಲಿ ಒಂದು ಟೈಮೌಟ್ (ಉತ್ತರಕ್ಕೆ ಎಷ್ಟು ಹೊತ್ತು ಕಾಯ್ಬೇಕು ಅನ್ನೋ ಮಿತಿ) ಇತ್ತು, 35 ಸೆಕೆಂಡ್. 30 ಅಲ್ಲ, 60 ಅಲ್ಲ, 35 ಯಾಕಪ್ಪಾ ಅಂತ ಗಿಟ್ ಬ್ಲೇಮ್ (ಯಾವ ಸಾಲನ್ನ ಯಾರು, ಯಾವ ಕಮಿಟ್ಟಲ್ಲಿ ಬದಲಾಯಿಸಿದ್ರು ಅಂತ ತೋರಿಸೋ ಕಮಾಂಡ್) ಹಾಕಿ ನೋಡಿದ್ರೆ ಮೆಸೇಜು ಬರೀ "ಫಿಕ್ಸ್", ಬರೆದೋರು ಕೆಲಸ ಬಿಟ್ಟು ಹೋಗಿಯಾಗಿದೆ, ಮುಟ್ಟಿದ್ರೆ ಏನ್ ಕೈಕೊಡುತ್ತೋ ಅಂತ ಎಲ್ರಿಗೂ ಭಯ. 20 ಇದ್ದಿದ್ದು 35 ಆಯ್ತು ಅನ್ನೋದು ಡಿಫಲ್ಲೇ, ಅಂದ್ರೆ ಹಳೇ-ಹೊಸ ಕೋಡಿನ ವ್ಯತ್ಯಾಸದಲ್ಲೇ ಕಾಣುತ್ತೆ, ಯಾಕೆ ಅನ್ನೋದು ಕಾಣಲ್ಲ. ಚಾಟಲ್ಲಿ ಹುಡುಕಿದ್ರೆ ಸಿಗುತ್ತೆ ಅಂತಾರೆ, ಚಾಟ್ ಟೂಲೇ ಬದಲಾದ್ಮೇಲೆ ಎಲ್ಲಿ ಹುಡುಕ್ತೀರ?

ಮೊದಲು ನಾನು -ಎಂ ಹಾಕೋದು, ಅಂದ್ರೆ ಮೆಸೇಜನ್ನ ಕಮಾಂಡ್ ಸಾಲಲ್ಲೇ ಬರೆದು ಮುಗಿಸೋದು ಬಿಟ್ಟೆ. ಬರೀ ಗಿಟ್ ಕಮಿಟ್ -ವಿ ಅಂತ ಹೊಡೆದ್ರೆ ಎಡಿಟರ್ ತೆರೆದು ಕೆಳಗೆ ಡಿಫ್ ತೋರಿಸುತ್ತೆ, ಅದನ್ನ ನೋಡ್ತಾ ನೋಡ್ತಾ ನಾಲ್ಕು ಸಾಲು ತಾನಾಗೇ ಬರುತ್ತೆ. ಮೊದಲ ಸಾಲು 50 ಅಕ್ಷರದ ಆಸುಪಾಸು, ಆಮೇಲೆ ಒಂದು ಖಾಲಿ ಸಾಲು. ಆ ಖಾಲಿ ಸಾಲು ಶೋಕಿಗಲ್ಲ, ಅದು ಬರೋ ತನಕ ಇರೋದನ್ನೆಲ್ಲ ಗಿಟ್ ಟೈಟಲ್ ಅಂತ್ಲೇ ತಿಳ್ಕೊಳುತ್ತೆ. ಈಗ ಅಂಥದ್ದೇ ಬದಲಾವಣೆ ಬಂದ್ರೆ ಹೀಗೆ ಬರೀತೀವಿ:

ಪೇಮೆಂಟ್: ಟೈಮೌಟ್ 20ರಿಂದ 35 ಸೆಕೆಂಡಿಗೆ ಏರಿಸಿ

ಬ್ಯಾಂಕಿನ ಉತ್ತರ 30 ಸೆಕೆಂಡ್ ತನಕ ತಡ ಆಗಬಹುದು. 20ಕ್ಕೇ ಬಿಟ್ಟು ಮತ್ತೆ ಕಳಿಸಿದ್ರೆ ಗ್ರಾಹಕರ ದುಡ್ಡು ಎರಡು ಸಲ ಕಟ್ ಆಗುತ್ತೆ.

ಇಷ್ಟಿದ್ರೆ ಮುಂದೆ ಯಾರಾದ್ರೂ 35ನ್ನ 10 ಮಾಡೋಕೆ ಹೊರಟ್ರೆ ಅವರೇ ನಿಂತು ಯೋಚಿಸ್ತಾರೆ.

ಇನ್ನೊಂದು ಅಭ್ಯಾಸನ ಲಿನಕ್ಸ್ ಕರ್ನಲ್ (ಲಿನಕ್ಸ್ ಆಪರೇಟಿಂಗ್ ಸಿಸ್ಟಮಿನ ತಿರುಳು) ಬರೆಯೋರಿಂದ ಎತ್ಕೊಂಡ್ವಿ. 2005ರಲ್ಲಿ ಲಿನಸ್ ಟೊರ್ವಾಲ್ಡ್ಸ್ ಗಿಟ್ ಮಾಡಿದ್ದೇ ಆ ಕರ್ನಲ್ ಕೆಲಸಕ್ಕೆ. ಅಲ್ಲಿ ಬಗ್ ಸರಿ ಮಾಡಿದ್ರೆ ಕೊನೇಲಿ "ಫಿಕ್ಸಸ್:" ಅಂತ ಹಾಕಿ, ಬಗ್ ತಂದ ಹಳೇ ಕಮಿಟ್ಟಿನ ಐಡಿಯ ಮೊದಲ 12 ಅಕ್ಷರ, ಜೊತೆಗೆ ಅದರ ಟೈಟಲ್ ಬರೀತಾರೆ. ಹಳೇ ರಿಲೀಸಿಗೂ ಈ ಫಿಕ್ಸ್ ಬೇಕಾ ಅಂತ ನೋಡೋಕೆ ಇದು ಭಾರೀ ಅನುಕೂಲ.

ಗಿಟ್ ಬೈಸೆಕ್ಟ್ (ಕಮಿಟ್‌ಗಳನ್ನ ಅರ್ಧರ್ಧ ಮಾಡ್ತಾ ಬಗ್ ತಂದ ಕಮಿಟ್ ಹುಡುಕೋ ಕಮಾಂಡ್) ಬಳಸೋರಿಗೆ ಒಳ್ಳೇ ಮೆಸೇಜಿನ ಬೆಲೆ ಇನ್ನೂ ಚೆನ್ನಾಗಿ ಗೊತ್ತಿರುತ್ತೆ, ಸಾವಿರ ಕಮಿಟ್ ಇದ್ರೂ ಸುಮಾರು 10 ಸಲ ಟೆಸ್ಟ್ ಮಾಡಿದ್ರೆ ಕಳ್ಳ ಸಿಕ್ಕಿಬೀಳ್ತಾನೆ, ಆದ್ರೆ ಸಿಕ್ಕಿದ್ದು "ಮಿಸ್ಕ್ ಚೇಂಜಸ್" (ಚಿಲ್ಲರೆ ಬದಲಾವಣೆ) ಅಂತ ನಲವತ್ತು ಫೈಲ್ ಇರೋ ಕಮಿಟ್ ಆದ್ರೆ ಮತ್ತೆ ಮೊದಲಿಂದ ಶುರು.

ಟಿಕೆಟ್ ನಂಬರ್ ಇಲ್ದಿದ್ರೆ ಕಮಿಟ್ಟೇ ಆಗದಂಗೆ ಹುಕ್ (ಕಮಿಟ್ ಮಾಡುವಾಗ ತಾನಾಗೇ ಓಡೋ ಸ್ಕ್ರಿಪ್ಟ್) ಹಾಕಿದ್ದೂ ಆಯ್ತು. ಜನ ನಂಬರ್ ಹಾಕಿ ಪಕ್ಕದಲ್ಲಿ "ಅಪ್ಡೇಟ್" ಅಂತ ಬರೆದ್ರು! ಕೆಲಸಕ್ಕೆ ಬಂದಿದ್ದು ರಿವ್ಯೂನಲ್ಲಿ ಕೋಡ್ ಜೊತೆ ಮೆಸೇಜನ್ನೂ ಓದಿ "ಇದ್ಯಾಕೆ ಮಾಡಿದ್ರಿ, ಒಂದು ಸಾಲು ಸೇರಿಸಿ" ಅಂತ ಕೇಳಿದ್ದು. ಸ್ಕ್ವಾಷ್ ಮರ್ಜ್ (ಹಲವು ಕಮಿಟ್‌ಗಳನ್ನ ಒಂದೇ ಮಾಡಿ ಸೇರಿಸೋದು) ಮಾಡೋರು ಬಟನ್ ಒತ್ತೋಕ್ ಮುಂಚೆ ಮೆಸೇಜ್ ಬಾಕ್ಸ್ ಒಂದ್ಸಲ ನೋಡಿ, "ಡಬ್ಲ್ಯುಐಪಿ, ಡಬ್ಲ್ಯುಐಪಿ 2" (ಕೆಲಸ ಇನ್ನೂ ನಡೀತಿದೆ ಅನ್ನೋದರ ಇಂಗ್ಲಿಷ್ ಚಿಕ್ಕ ರೂಪ) ಅಂತ ಇದ್ರೆ ಅಳಿಸಿ ಸರಿಯಾಗಿ ಬರೀರಿ. ಟೈಪೋ ತಿದ್ದಿದ್ದಕ್ಕೆ ಪುರಾಣ ಬೇಡ, "ಟೈಪೋ" ಅಂದ್ರೆ ಸಾಕು.